ಬೇಡ ಎಂದವರು

ಪ್ರಜ್ಞೆ ತಪ್ಪಿ ಬಿದ್ದವನನ್ನು ಕೇಳದೆ ಅವನ ಮೈ ಮುಟ್ಟಬಹುದೇ? ಸಮ್ಮತಿ ಪಟ್ಟಿ ಬರುವ ಮುಂಚೆ ಅಂಬುಲೆನ್ಸ್ ಸಿಬ್ಬಂದಿಯ ಬಳಿ ಇದಕ್ಕೆ ಸುಲಭದ ಉತ್ತರವಿತ್ತು. ಮಾತಾಡಲಾಗದವನು ಬದುಕಲು ಬಯಸುತ್ತಾನೆ ಎಂದೇ ತಿಳಿದುಕೊಳ್ಳಬೇಕು, ಕೆಲಸ ಶುರು ಮಾಡಬೇಕು. ಮಹಾನಂದಾ ತರಬೇತಿಗೆ ಸೇರಿದಾಗ ಮೊದಲು ಕಲಿತ ಪಾಠ ಇದೇ. ಎಚ್ಚರವಿದ್ದವನನ್ನು ಕೇಳಿ ಮುಟ್ಟು, ಎಚ್ಚರವಿಲ್ಲದವನನ್ನು ಮುಟ್ಟಿ ಉಳಿಸು.

ಆಮೇಲೆ ಪಟ್ಟಿ ಬಂತು. ಎರಡು ಬೆರಳಗಲದ ಬೂದು ಬಣ್ಣದ ಪಟ್ಟಿ. ಅದನ್ನು ಹಣೆಗೆ ಸುತ್ತಿ ಗುಂಡಿ ಒತ್ತಿದರೆ ಅದು ತಾನೇ ಕೇಳುತ್ತಿತ್ತು: 'ನಿಮಗೆ ಬದುಕುವುದು ಬೇಕೇ?' ಮನುಷ್ಯನ ಬಾಯಿಗೆ ಮಾತು ಬರುವ ಮುಂಚೆ ಮಿದುಳಿನ ಆಳದಲ್ಲಿ ಹೂಂ ಅಥವಾ ಊಹೂಂ ಎಂಬ ಒಂದು ಅಲೆ ಏಳುತ್ತದಂತೆ. ಎಚ್ಚರ ತಪ್ಪಿದವರಲ್ಲೂ ಆ ಅಲೆ ಏಳುತ್ತದಂತೆ. ಪಟ್ಟಿ ಅದನ್ನು ಹಿಡಿದು, ಗಂಡಸಿನದೂ ಅಲ್ಲದ ಹೆಂಗಸಿನದೂ ಅಲ್ಲದ ಮೆತ್ತನೆಯ ದನಿಯಲ್ಲಿ 'ಬೇಕು' ಎನ್ನುತ್ತಿತ್ತು, ಇಲ್ಲವೆ 'ಬೇಡ' ಎನ್ನುತ್ತಿತ್ತು. ಏನೂ ಸಿಗದಿದ್ದರೆ ಸುಮ್ಮನಿರುತ್ತಿತ್ತು.

ಸುಮ್ಮನಿದ್ದರೆ ಹಳೆಯ ನಿಯಮವೇ: ಉಳಿಸು. ಆದರೆ ಮೂರು ಸಲ 'ಬೇಡ' ಎಂದರೆ ಅದು ರೋಗಿಯ ನಿರಾಕರಣೆ. ಆಮೇಲೆ ಮೈಮುಟ್ಟಿ ಚಿಕಿತ್ಸೆ ಮಾಡಿದರೆ ಹಲ್ಲೆಯ ಕೇಸು. ಹಾಗಂತ ಬಿಟ್ಟು ಹೋಗುವಂತೆಯೂ ಇಲ್ಲ. ಬಿಟ್ಟು ಹೋದರೆ ಅದು ಇನ್ನೊಂದು ಅಪರಾಧ. ಗಾಡಿಗೆ ಹಾಕಿಕೊಂಡು, ಹೊದಿಸಿ, ಕೈ ಮಡಿಲಲ್ಲಿಟ್ಟುಕೊಂಡು ಆಸ್ಪತ್ರೆಯ ತನಕ ಪಕ್ಕದಲ್ಲಿ ಕೂರಬೇಕು. ಕೂತು ನೋಡಬೇಕು, ಅಷ್ಟೆ.

ಮಹಾನಂದಾಗೆ ಆ ಕೂರುವುದರ ಅನುಭವ ಮೊದಲು ಆದದ್ದು ಗಾಳಿಯಂತ್ರದ ಗೋಪುರದ ಕೆಳಗೆ.

ಕಪ್ಪತಗುಡ್ಡದ ಸೆರಗಿನಲ್ಲಿ ಸಾಲಾಗಿ ನಿಂತ ಗಾಳಿಯಂತ್ರಗಳಲ್ಲಿ ಒಂದರೊಳಗೆ ರಿಪೇರಿಗೆ ಹತ್ತಿದ್ದ ಹನುಮೇಶ ವಾಲೀಕಾರ ಏಣಿಯಿಂದ ಬಿದ್ದಿದ್ದ. ಅಂಬುಲೆನ್ಸ್ ಹೋದಾಗ ಸುಡು ಮಧ್ಯಾಹ್ನ. ಜೊತೆಗಾರರು ಅವನನ್ನು ಗೋಪುರದ ಬಾಗಿಲಿನಿಂದ ಹೊರಗೆ ಎಳೆದು ಮಲಗಿಸಿದ್ದರು. ಪಕ್ಕದಲ್ಲೇ ಒಂದು ದಪ್ಪ ಕೇಬಲ್ ಕಿತ್ತುಕೊಂಡು ಬಿದ್ದಿತ್ತು.

"ಮೌಲಾ ಮಾಮಾ, ನಿಲ್ಲಸ್ರಿ. ಲೈನ್ ಬಂದ್ ಆಗೇತೇನ್ ಕೇಳ್ರಿ ಮದ್ಲ," ಎಂದಳು ಮಹಾನಂದಾ.

ಚಾಲಕ ಮೌಲಾಸಾಬ ನದಾಫ ಇಳಿದು ಹೋಗಿ ವಿಚಾರಿಸಿ ಬಂದ. ಕರೆಂಟು ನಿಂತಿದೆ ಎಂದು ಖಾತ್ರಿಯಾದ ಮೇಲೆಯೇ ಅವಳು ಕೈಗವಸು ಏರಿಸಿಕೊಂಡು ಹತ್ತಿರ ಹೋದಳು. ಅಷ್ಟರಲ್ಲಿ ಅಲ್ಲಿ ಒಬ್ಬ ಹೆಂಗಸು ಕೂತಾಗಿತ್ತು. ಮಧ್ಯಾಹ್ನದ ಬುತ್ತಿ ತಂದ ಅವನ ಹೆಂಡತಿ ಕಸ್ತೂರಿ. ಬುತ್ತಿಗಂಟು ಅತ್ತ ಉರುಳಿತ್ತು. ಗಂಡನ ಬಲಗೈಯನ್ನು ಎರಡೂ ಕೈಗಳಿಂದ ಎದೆಗವಚಿಕೊಂಡಿದ್ದಳು. ಅಳುತ್ತಿರಲಿಲ್ಲ.

ಹನುಮೇಶನ ನಾಡಿ ತೆಳ್ಳಗೆ ಬಡಿಯುತ್ತಿತ್ತು. ಉಸಿರು ಗಂಟಲಲ್ಲೇ ಗೊರಗುಡುತ್ತಿತ್ತು. ಬಾಯಿ ಸ್ವಚ್ಛ ಮಾಡಿ, ಗಂಟಲಿಗೆ ಕೊಳವೆ ಇಳಿಸಿ, ಗಾಳಿಚೀಲ ಒತ್ತಿ ಉಸಿರು ಕೊಟ್ಟರೆ ದವಾಖಾನೆಯವರೆಗೆ ಒಯ್ಯಬಹುದು ಎಂದು ಮಹಾನಂದಾಗೆ ಅನಿಸಿತು. ಅವಳ ಕೈ ಆಗಲೇ ಚೀಲದತ್ತ ಹೋಗಿತ್ತು. ಆದರೆ ಮೊದಲು ಪಟ್ಟಿ. ಸುತ್ತಿದಳು. ಒತ್ತಿದಳು.

'ನಿಮಗೆ ಬದುಕುವುದು ಬೇಕೇ?'

'ಬೇಡ.'

ಸುತ್ತ ನಿಂತವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಮತ್ತೆ ಕೇಳಿದಾಗಲೂ 'ಬೇಡ.' ಮೂರನೆಯ ಸಲ ಉತ್ತರ ಬರಲು ತುಸು ತಡವಾಯಿತು.

'ಬೇಡ.'

ಕಸ್ತೂರಿ ತಲೆಯೆತ್ತಿ ನೋಡಿದಳು. ಮಹಾನಂದಾಳನ್ನಲ್ಲ, ಗಂಡನ ಹಣೆಯನ್ನು.

ಆಸ್ಪತ್ರೆಯ ದಾರಿಯುದ್ದಕ್ಕೂ ಮಹಾನಂದಾ ಕೈ ಮಡಿಲಲ್ಲಿಟ್ಟುಕೊಂಡು ಕೂತಳು. ಚೀಲ, ಕೊಳವೆ, ಆಮ್ಲಜನಕದ ಸಿಲಿಂಡರು ಎಲ್ಲ ಕೈಯಳತೆಯಲ್ಲಿದ್ದವು. ಗೊರಗುಡುವ ಸದ್ದು ನಿಧಾನಕ್ಕೆ ಕಡಿಮೆಯಾಗುತ್ತ, ಒಂದು ಊರಿನ ಸ್ಪೀಡ್ ಬ್ರೇಕರ್ ದಾಟುವಾಗ ನಿಂತೇಹೋಯಿತು. ಕಸ್ತೂರಿ ಕೈ ಬಿಡಲಿಲ್ಲ.

*

ಪಟ್ಟಿ ಬಂದ ಮೇಲೆ ಊರುಗಳ ನಡೆನುಡಿ ಬದಲಾಗತೊಡಗಿತ್ತು. ಸಾವಿನ ಮನೆಗೆ ಹೋದವರು ಮೊದಲು ಕೇಳುತ್ತಿದ್ದದ್ದು ಹೇಗಾಯಿತು ಎಂದಲ್ಲ, ಏನಂದ ಎಂದು. ಬೇಕು ಎಂದು ಸತ್ತವನ ಮನೆಯಲ್ಲಿ ಅಳು ಕೇಳಿಸುತ್ತಿತ್ತು. ಬೇಡ ಎಂದು ಸತ್ತವನ ಮನೆಯಲ್ಲಿ ಮಂದಿ ಪಿಸುಗುಡುತ್ತಿದ್ದರು. ಹೆಂಡತಿ ಏನು ಕಾಟ ಕೊಟ್ಟಿದ್ದಳೋ, ಮಗ ಏನು ಅಂದಿದ್ದನೋ. ಹೊಸದಾಗಿ ಮದುವೆಯಾದವರು ಏನಾದರೂ ಬೇಕು ಎಂದೇ ಅನ್ನುವುದಾಗಿ ಒಬ್ಬರಿಂದೊಬ್ಬರು ಮಾತು ತೆಗೆದುಕೊಳ್ಳುತ್ತಿದ್ದರು. ಬೆಳಗಿನ ಪ್ರಾರ್ಥನೆಯ ನಂತರ ಮಕ್ಕಳಿಂದ 'ಬೇಕು, ಬೇಕು' ಎಂದು ಹೇಳಿಸುವ ಶಾಲೆಗಳಿದ್ದವು.

ತನ್ನ ಮಗಳು ಸಿಂಚನಾ ಗೆಳತಿಯರೊಂದಿಗೆ ಅಂಗಳದಲ್ಲಿ ಆಡುವ ಆಟವನ್ನು ಮಹಾನಂದಾ ಒಂದು ಸಂಜೆ ಬಾಗಿಲಲ್ಲಿ ನಿಂತು ನೋಡಿದಳು. ಒಬ್ಬಳು ಕಣ್ಣು ಮುಚ್ಚಿ ಮಲಗಬೇಕು. ಉಳಿದವರು ಸುತ್ತ ಕೂತು ಅವಳ ಹಣೆಗೆ ರಿಬ್ಬನ್ನು ಕಟ್ಟಿ ಕೇಳಬೇಕು. ಮಲಗಿದವಳು ನಗದೆ ಉತ್ತರ ಹೇಳಬೇಕು. ಸಿಂಚನಾ ಮಲಗಿದ್ದಳು.

"ಬೇಡ," ಎಂದಳು ಸಿಂಚನಾ, ಥೇಟು ಪಟ್ಟಿಯ ದನಿಯಲ್ಲಿ.

ಹುಡುಗಿಯರೆಲ್ಲ ಕೈ ಹಿಂದೆಗೆದು ಸುಮ್ಮನೆ ಕೂತರು. ಆಟದ ನಿಯಮ ಅದೇ ಇದ್ದಿರಬೇಕು.

"ಏ, ಏಳ ಮ್ಯಾಲ," ಎಂದು ಮಹಾನಂದಾ ಮಗಳ ರಟ್ಟೆ ಹಿಡಿದು ಎಬ್ಬಿಸಿದಳು. "ಇಂಥಾ ಆಟ ಆಡಬಾರ್ದು."

"ನೀನೂ ಇದನ್ನ ಮಾಡ್ತಿಯಲ್ಲ ಅವ್ವಾ?"

ಒಳಗೆ ಗಂಡ ಸಂಗಣ್ಣ ಟಿ.ವಿ.ಯ ದನಿ ತಗ್ಗಿಸಿದ. ಅವನು ಆ ವಿಷಯ ಎತ್ತಲಿಲ್ಲ. ಊಟಕ್ಕೆ ಕೂತಾಗ ಮಾತ್ರ, "ಇವತ್ತೂ ಯಾರರ ಬ್ಯಾಡಂದ್ರೇನು?" ಎಂದು ಮೆಲ್ಲಗೆ ಕೇಳಿದ. ರೋಗಿಗಳ ವಿಷಯ ಮನೆಯಲ್ಲಿ ಆಡಬಾರದು ಎಂಬುದು ಕೆಲಸದ ಕಟ್ಟಳೆ. ಅವಳು ರೊಟ್ಟಿ ಮುರಿಯುತ್ತ ತಲೆಯಾಡಿಸಿದಳು. ಹೌದೋ ಅಲ್ಲವೋ ಅವನಿಗೆ ತಿಳಿಯಲಿಲ್ಲ.

ಬೇಡ ಎನ್ನುವವರು ಹೆಚ್ಚುತ್ತಲೇ ಇದ್ದರು. ಹೊಲದಲ್ಲಿ ಹಾವು ಕಚ್ಚಿಸಿಕೊಂಡ ಹರೆಯದವಳು, ತಾಯಿಯ ತೊಡೆಯ ಮೇಲೆ ತಲೆಯಿಟ್ಟುಕೊಂಡು, ಬೇಡ. ಎದೆಹಿಡಿದುಕೊಂಡು ಬಿದ್ದ ಶಾಲೆಯ ಹೆಡ್ ಮಾಸ್ತರು, ಹೆಂಡತಿ ಮಕ್ಕಳ ನಡುವೆ, ಬೇಡ. ಒಮ್ಮೆ ಚಹಾ ಕುಡಿಯುತ್ತ ನಿಂತಾಗ ಮೌಲಾಸಾಬ ಹೇಳಿದ:

"ಒಂದು ನೋಡೀಯೇನವಾ? ಹೈವೇ ಮ್ಯಾಲ ಬಿದ್ದಿರ್ತಾನಲ್ಲ, ಹೆಸರಿಲ್ಲ, ಊರಿಲ್ಲ, ಯಾರೂ ದಿಕ್ಕಿಲ್ಲ, ಅಂವ ಬ್ಯಾಡ ಅನ್ನೂದೇ ಇಲ್ಲ. ಪಟ್ಟಿ ಸುಮ್ನಿರ್ತೈತಿ, ನೀ ಕೆಲಸ ಮಾಡ್ತಿ, ಅಂವ ಬದುಕ್ತಾನ. ಮನಿಮಂದಿ ಎಲ್ಲಾ ಸುತ್ತ ಇದ್ದಾಂವ ಬ್ಯಾಡಂತಾನ. ಯಾಕಿದ್ದೀತು?"

ಮಹಾನಂದಾ ಉಳಿದ ಚಹಾ ಚೆಲ್ಲಿದಳು. "ಹಂಗೇನಿಲ್ಲ ಬಿಡ್ರಿ ಮಾಮಾ," ಎಂದಳು. ಹಾಗೇ ಇದೆ ಎಂದು ಅವಳಿಗೂ ಗೊತ್ತಿತ್ತು.

*

ಮಾನಪ್ಪ ಬಡಿಗೇರ ಟ್ರ್ಯಾಕ್ಟರ್ ಟ್ರೇಲರ್ ಮಗುಚಿ ಅದರಡಿ ಸಿಕ್ಕಿದ್ದ. ಜನ ಟ್ರೇಲರ್ ಎತ್ತಿ ಅವನನ್ನು ಬೇವಿನ ನೆರಳಿಗೆ ತಂದಿದ್ದರು. ತೊಡೆಯಿಂದ ರಕ್ತ ಹರಿಯುತ್ತಿತ್ತು. ಅವನ ತಾಯಿ ದ್ಯಾಮವ್ವ ಮಗನ ಅಂಗೈಯನ್ನು ಕೆನ್ನೆಗೊತ್ತಿಕೊಂಡು ಕೂತಿದ್ದಳು. ಬೆವರು, ಕಣ್ಣೀರು ಎಲ್ಲ ಸೇರಿ ಆ ಕೈ ತೊಯ್ದುಹೋಗಿತ್ತು.

ಪಟ್ಟಿ ಕೇಳಿತು. 'ಬೇಡ' ಎಂದಿತು. ಎರಡನೆಯ ಸಲವೂ ಎಂದಿತು. ಮೂರನೆಯ ಸಲವೂ.

ಮಹಾನಂದಾ ಗಾಯಕ್ಕೆ ಒತ್ತಿ ಹಿಡಿಯಬೇಕಿದ್ದ ಬಟ್ಟೆಯನ್ನು ಕೆಳಗಿಟ್ಟಳು. ಆಗ ದ್ಯಾಮವ್ವ ಕೇಳಿದಳು:

"ಯಾರ್ನ ಕೇಳಾಕತ್ತೀರಿ ನೀವು?"

"ನಿಮ್ಮ ಮಗನ್ನ, ಯವ್ವಾ. ಅವರು ಬ್ಯಾಡ ಅನ್ನಾಕತ್ತಾರ."

"ಅಂವಗೇನ್ ಕೇಳ್ತೈತಿ? ಹುಟ್ಟಾ ಕಿವುಡ ಅದಾನ ನನ್ನ ಮಗ. ಒಂದು ಮಾತು ಕೇಳಿಲ್ಲ ಹುಟ್ಟಿದಾಗಿಂದ."

ಕೇಳಿಸಿಕೊಳ್ಳದವನು ಉತ್ತರ ಕೊಟ್ಟಿದ್ದ. ಅದೂ ಮೂರು ಸಲ, ಒಂದಿಷ್ಟೂ ತಡವರಿಸದೆ.

ಅವಳು ಹೆಗಲ ಮೇಲಿನ ಮೈಕಿಗೆ ಬಾಯಿಟ್ಟು ಕಂಟ್ರೋಲ್ ರೂಮಿನಲ್ಲಿದ್ದ ಡಾಕ್ಟರ್ ವಸುಮತಿ ದೇಸಾಯಿಯವರನ್ನು ಕರೆದಳು. "ಮೇಡಂ, ಪೇಷಂಟಿಗೆ ಹುಟ್ಟಿದಾಗಿಂದ ಕಿವಿ ಕೇಳಂಗಿಲ್ಲ. ಪಟ್ಟಿ ಮೂರೂ ಸಲ ಬೇಡ ಅಂದೈತಿ. ಏನ್ ಮಾಡ್ಲಿ?"

ಆ ಕಡೆಯಿಂದ ಡಾಕ್ಟರು, "ಪ್ರಶ್ನೆ ತಿಳೀದವ ಬೇಡ ಅಂದ್ರೆ ಅದು ನಿರಾಕರಣೆ ಅಲ್ಲ. ನಾನು ಹೇಳ್ತಿದ್ದೀನಿ, ಕೆಲಸ ಶುರು ಮಾಡು. ಹೊಣೆ ನನ್ನದು," ಎಂದರು.

ಮಹಾನಂದಾ ಗಾಯದ ಮೇಲೆ ಭಾರ ಹಾಕಿ ಒತ್ತಿದಳು. "ಯವ್ವಾ, ಒಂಚೂರು ಆಕಡೆ ಸರೀರಿ, ಕೈ ಬಿಡ್ರಿ," ಎಂದಾಗ ದ್ಯಾಮವ್ವ ಒಲ್ಲದ ಮನಸ್ಸಿನಿಂದ ಮಗನ ಕೈ ಕೆಳಗಿಟ್ಟು ಸರಿದಳು. ಗಡಿಬಿಡಿಯಲ್ಲಿ ಪಟ್ಟಿಯ ಗುಂಡಿಗೆ ಮೊಣಕೈ ತಾಗಿತೆಂದು ಕಾಣುತ್ತದೆ. ಅದು ಮತ್ತೊಮ್ಮೆ ಕೇಳಿತು: 'ನಿಮಗೆ ಬದುಕುವುದು ಬೇಕೇ?'

ಉತ್ತರ ಬರಲಿಲ್ಲ. ಪಟ್ಟಿ ಸುಮ್ಮನಿತ್ತು.

ಮಹಾನಂದಾ ದ್ಯಾಮವ್ವನ ಖಾಲಿ ಕೈಗಳನ್ನು ನೋಡಿದಳು. ಆಮೇಲೆ ನೋಡಲು ಪುರಸೊತ್ತಿರಲಿಲ್ಲ. ಮಾನಪ್ಪ ಬದುಕಿದ.

*

ಕಂಟ್ರೋಲ್ ರೂಮಿನ ಹಿಂದಿನ ತರಬೇತಿ ಕೋಣೆಯಲ್ಲಿ ಮೂವರೇ ಇದ್ದರು. ಮಹಾನಂದಾ, ಡಾಕ್ಟರ್ ವಸುಮತಿ, ಮತ್ತು ಪಟ್ಟಿಗಳ ದುರಸ್ತಿ ನೋಡಿಕೊಳ್ಳುವ ಇಂಜಿನಿಯರ್ ನಿರಂಜನ. ದ್ಯಾಮವ್ವ ಕೈ ಬಿಟ್ಟೊಡನೆ ಪಟ್ಟಿ ಸುಮ್ಮನಾದದ್ದನ್ನು ಮಹಾನಂದಾ ಹೇಳಿ ಮುಗಿಸಿದ್ದಳು. ಮೇಜಿನ ಮೇಲೆ ಎದೆ ಒತ್ತುವುದನ್ನು ಕಲಿಸುವ ರಬ್ಬರ್ ಗೊಂಬೆ ಅಂಗಾತ ಮಲಗಿತ್ತು. ಬಾಯಿ ಅರೆ ತೆರೆದಿತ್ತು.

"ಪಟ್ಟಿ ಚರ್ಮದ ಮೂಲಕ ಆಲಿಸುತ್ತೆ ಮೇಡಂ," ಎಂದ ನಿರಂಜನ. ಅವನು ತುಮಕೂರಿನ ಕಡೆಯವನು. "ಪೇಷಂಟ್ ಅರೆ ಎಚ್ಚರದಲ್ಲಿದ್ರೆ ಅಲೆ ಜೋರಾಗಿರುತ್ತೆ, ತಾನೇ ಉತ್ತರ ಕೊಡ್ತಾನೆ. ತೀರಾ ಆಳಕ್ಕೆ ಇಳಿದಿದ್ರೆ ಅಲೆ ಸಿಗಲ್ಲ. ಆಗ ಪಟ್ಟಿ ತನ್ನ ಶಕ್ತಿ ಏರಿಸ್ಕೊಂಡು ಹುಡುಕುತ್ತೆ. ಒದ್ದೆ ಚರ್ಮಕ್ಕೆ ಇನ್ನೊಂದು ಒದ್ದೆ ಚರ್ಮ ತಾಗಿದ್ರೆ ಎಲ್ಲೀತನಕ ಹುಡುಕುತ್ತೆ ಅಂತ ಯಾರೂ ನೋಡಿಲ್ಲ ಅನ್ಸುತ್ತೆ. ಪರೀಕ್ಷೆ ಎಲ್ಲ ಐ.ಸಿ.ಯು.ನಲ್ಲಿ ಆಯ್ತು. ಅಲ್ಲಿ ನರ್ಸ್‌ಗಳು ಗ್ಲೌಸ್ ಹಾಕಿರ್ತಾರೆ, ಮನೆಯವರನ್ನ ಒಳಗೆ ಬಿಡಲ್ಲ."

ಅವನು ಉಪ್ಪುನೀರಲ್ಲಿ ಅದ್ದಿದ ಬಟ್ಟೆಯನ್ನು ಗೊಂಬೆಯ ಹಣೆಯಿಂದ ಕೈತನಕ ಹಾಸಿದ. ಹಣೆಗೆ ಪಟ್ಟಿ ಕಟ್ಟಿದ. ಯಾರೂ ಮುಟ್ಟದೆ ಗುಂಡಿ ಒತ್ತಿದಾಗ ಗೊಂಬೆ ಸುಮ್ಮನಿತ್ತು. ಆಮೇಲೆ ಅವನೇ ಬರಿಗೈಯಿಂದ ಗೊಂಬೆಯ ಕೈ ಹಿಡಿದ.

'ನಿಮಗೆ ಬದುಕುವುದು ಬೇಕೇ?'

'ಬೇಕು,' ಎಂದಿತು ಗೊಂಬೆ.

ನಿರಂಜನ ಬಿಸಿ ತಾಗಿದವನ ಹಾಗೆ ಕೈ ಬಿಟ್ಟ. ವಸುಮತಿ ಹಿಡಿದರು. ಬೇಕು. ಮೂವರೂ ಗೊಂಬೆಯ ಬಾಯಿಯನ್ನೇ ನೋಡುತ್ತಿದ್ದರು. ದನಿ ಹಣೆಯಿಂದ ಬರುತ್ತದೆಂದು ತಿಳಿದಿದ್ದರೂ ಕಣ್ಣು ಬಾಯಿಗೇ ಹೋಗುತ್ತಿತ್ತು.

"ಹಾಗಾದ್ರೆ ಆ ತಾಯಿ..." ಎಂದು ವಸುಮತಿ ಗೊಂಬೆಯ ಕೈ ಕೆಳಗಿಟ್ಟರು. ಮಗ ಸಾಯಲಿ ಎಂದು ಆ ತಾಯಿ ಒಳಗೊಳಗೇ ಬಯಸಿದ್ದಳೇ? ಕಸ್ತೂರಿ ಬಯಸಿದ್ದಳೇ? ಹಾವು ಕಚ್ಚಿದ ಹುಡುಗಿಯ ತಾಯಿ, ಹೆಡ್ ಮಾಸ್ತರರ ಹೆಂಡತಿ, ಅಷ್ಟೊಂದು ಜನ?

"ನಾ ಒಮ್ಮೆ ಹಿಡೀತೀನ್ರಿ," ಎಂದಳು ಮಹಾನಂದಾ.

ಕೈಗವಸು ಕಳಚಿ ಗೊಂಬೆಯ ಕೈಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಕಣ್ಣು ಮುಚ್ಚಿದಳು. ದ್ಯಾಮವ್ವ ಕೂತ ಹಾಗೆ ಕೂತು ನೋಡಬೇಕೆನಿಸಿತ್ತು ಅವಳಿಗೆ. ಬೇವಿನ ನೆರಳನ್ನು ನೆನೆದಳು. ಅಲ್ಲಿ ಮಲಗಿದವನ ಜಾಗದಲ್ಲಿ ಅಂಗಳದ ಆಟದಲ್ಲಿ ಮಲಗಿದ್ದ ಸಿಂಚನಾ ತಾನಾಗಿಯೇ ಬಂದಳು. ಹಣೆಗೆ ರಿಬ್ಬನ್ನು, ಮುಚ್ಚಿದ ಕಣ್ಣು, ತಣ್ಣಗಾಗುತ್ತಿರುವ ಪುಟ್ಟ ಕೈ.

'ನಿಮಗೆ ಬದುಕುವುದು ಬೇಕೇ?'

'ಬೇಡ,' ಎಂದಿತು ಗೊಂಬೆ.

ನಿರಂಜನ ಬೇರೆ ಕಡೆ ನೋಡಿದ. ವಸುಮತಿ ಮಹಾನಂದಾಳ ಹೆಗಲ ಮೇಲೆ ಕೈಯಿಟ್ಟರು. ಮಹಾನಂದಾ ಕಣ್ಣು ಬಿಟ್ಟಳು.

"ಅವರು ಸಾಯ್ಲಿ ಅಂತ ಅಲ್ರಿ ಮೇಡಂ," ಎಂದಳು. "ನನ್ನ ಮಗಳು ಹಿಂಗ ಬಿದ್ದಾಳ ಅಂತ ನೆನಸಿದೆ. ಆಗ ಇದು ನನ್ನನ್ನ ಕೇಳ್ತು, ಬದುಕೂದು ಬೇಕೇನು ಅಂತ. ಆಕಿ ಹೋದ ಮ್ಯಾಲ ನನಗ್ಯಾಕ ಬೇಕ್ರಿ? ಅಷ್ಟ. ಅವರೆಲ್ಲಾ ತಮ್ಮ ಪಾಲಿಂದು ಹೇಳ್ಯಾರ. ನಾವು ಪೇಷಂಟ್ ಹೇಳಿದ್ದು ಅಂದ್ಕೊಂಡ್ವಿ."

ಹೆದ್ದಾರಿ ಪಕ್ಕ ಒಂಟಿಯಾಗಿ ಬಿದ್ದವರು ಬದುಕಿದ್ದರು. ಯಾರ ಕೈಯನ್ನು ಯಾರೋ ಪ್ರಾಣ ಹೋಗುವಷ್ಟು ಬಿಗಿಯಾಗಿ ಹಿಡಿದಿದ್ದರೋ ಅವರು ಸತ್ತಿದ್ದರು.

ನಿರಂಜನ ಪಟ್ಟಿ ಬಿಚ್ಚಿದ. ಬಿಚ್ಚಿದ ಮೇಲೂ ಗೊಂಬೆಯ ಮುಖಕ್ಕೆ ಒಂದು ಟವೆಲ್ಲು ಹೊದಿಸಿದ.

*

ವಸುಮತಿ ಮೇಲಿನವರಿಗೆ ಎಲ್ಲವನ್ನೂ ತಿಳಿಸಿದರು. ಕೆಲವೇ ದಿನಗಳಲ್ಲಿ ಪಟ್ಟಿಗಳನ್ನೆಲ್ಲ ವಾಪಸು ತೆಗೆದುಕೊಂಡರು. ತಾಂತ್ರಿಕ ಕಾರಣ ಎಂದಷ್ಟೇ ಪ್ರಕಟಣೆ ಬಂತು. ತನಿಖೆ ಮುಗಿಯುವ ತನಕ ಸತ್ತವರ ಮನೆಯವರಿಗೆ ಯಾರೂ ಏನೂ ಹೇಳಕೂಡದು ಎಂಬ ಮಾತೂ ಬಂತು. ಹೇಳಿದರೆ ಗಲಾಟೆಯಾಗುತ್ತದೆ, ಅದಕ್ಕಿಂತ ಹೆಚ್ಚಾಗಿ, ಹೇಳುವುದಾದರೂ ಹೇಗೆ? ನಿನ್ನ ಗಂಡ ಬೇಡ ಅನ್ನಲಿಲ್ಲ, ನೀನೇ ಅಂದೆ ಎಂದೇ?

ಅಷ್ಟರಲ್ಲಿ ಮೌಲಾಸಾಬ ಒಂದು ಸುದ್ದಿ ತಂದ. ಹನುಮೇಶನ ತಂದೆತಾಯಿ ಸೊಸೆಯ ಜೊತೆ ಮಾತು ಬಿಟ್ಟಿದ್ದಾರಂತೆ. ಸಾಯುವಾಗಲೂ ನಮ್ಮ ಮಗ ನಿನ್ನ ಹತ್ತಿರ ಬರಲು ಒಲ್ಲೆ ಅಂದ ಎಂದು ಅತ್ತೆ ಎಲ್ಲರೆದುರು ಅಂದಳಂತೆ. ಕಸ್ತೂರಿ ಗಾಳಿಯಂತ್ರಗಳ ಹತ್ತಿರದ ಕ್ವಾರ್ಟರ್ಸಿನಲ್ಲಿ ಒಬ್ಬಳೇ ಉಳಿದಿದ್ದಾಳಂತೆ.

ಮಹಾನಂದಾ ವಸುಮತಿಯವರ ಬಾಗಿಲಿಗೆ ಹೋಗಿ ನಿಂತಳು. "ಮೇಡಂ, ಇನ್ನೊಬ್ಬರ ಗುಟ್ಟು ಹೇಳಬಾರ್ದು ಅಂತ ನೀವ ಕಲಿಸೀರಿ. ಇದು ಯಾರ ಗುಟ್ಟ್ರಿ?"

ವಸುಮತಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೋಗಿ ಹೇಳು ಅನ್ನೋ ಅಧಿಕಾರ ನನಗಿಲ್ಲ, ಮಹಾನಂದಾ. ಹೋಗಬೇಡ ಅನ್ನೋಕೆ ಬಾಯಿ ಬರ್ತಾ ಇಲ್ಲ."

ವಾರದ ರಜೆಯ ದಿನ ಮಹಾನಂದಾ ಬಸ್ಸು ಹತ್ತಿದಳು.

ಕ್ವಾರ್ಟರ್ಸು ಗೋಪುರದ ಬುಡದಿಂದ ಕೂಗಳತೆಯ ದೂರದಲ್ಲಿತ್ತು. ಇಳಿಬಿಸಿಲಿನ ಹೊತ್ತು. ತಿರುಗುವ ರೆಕ್ಕೆಯ ನೆರಳು ತೆರೆದ ಕಿಟಕಿಯಿಂದ ಒಳಬಂದು, ನೆಲದ ಮೇಲೆ ಹಾದು, ಗೋಡೆ ಹತ್ತಿ ಹೋಗುತ್ತಿತ್ತು. ಒಂದು ಹೋದೊಡನೆ ಇನ್ನೊಂದು. ಕಸ್ತೂರಿ ಆ ನೆರಳಿನ ದಾರಿಯಲ್ಲೇ ಚಾಪೆ ಹಾಸಿಕೊಂಡು ಕೂತಿದ್ದಳು. ತುಂಬ ಇಳಿದುಹೋಗಿದ್ದಳು. ಗುರುತು ಹಿಡಿದು, "ಬರ್ರಿ ಅಕ್ಕಾರ, ಕುಂದರ್ರಿ," ಎಂದಳು.

ಮಹಾನಂದಾ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಬಂದಿದ್ದಳು. ಈಗ ಒಂದೂ ನೆನಪಾಗಲಿಲ್ಲ. "ನಿಮ್ಮ ಯಜಮಾನರು ಬ್ಯಾಡ ಅಂದಿಲ್ಲ," ಎಂದುಬಿಟ್ಟಳು. "ಪಟ್ಟಿ ತಪ್ಪು ಹೇಳಿತ್ತು. ಅವರು ಏನೂ ಅಂದೇ ಇಲ್ಲ."

ಕಸ್ತೂರಿಯ ಮುಖ ಬದಲಾಗಲಿಲ್ಲ. ನೆರಳು ಅದರ ಮೇಲೆ ಹಾದು ಹೋಯಿತು.

"ಗೊತ್ತೈತ್ರಿ," ಎಂದಳು.

"ಏನ್ ಗೊತ್ತೈತಿ?"

"ನನ್ನ ಗಂಡ ಜನ್ಮದಾಗ 'ಬೇಡ' ಅಂದಾಂವಲ್ಲ. 'ಬ್ಯಾಡ' ಅಂತಿದ್ದ. ಅದಿರ್ಲಿ. ಆ ಪಟ್ಟಿ ಕೇಳಿದ ಕೂಡ್ಲೆ ನನ್ನ ಮನಸಿನ್ಯಾಗ ಬಂತು, ಇಂವ ಇಲ್ಲದ ನನಗ್ಯಾಕ ಬೇಕು ಅಂತ. ನನ್ನ ಬಾಯಿಗೆ ಬರೂ ಮುಂಚೆ ಅಂವನ ಹಣಿ ಮ್ಯಾಲಿಂದ ಮಾತು ಬಂತು. ಎರಡನೇ ಸಲನೂ ಹಂಗ ಆತು. ಆಗ ತಿಳೀತು ನನಗ."

ಮಹಾನಂದಾ ಅವಳನ್ನೇ ನೋಡುತ್ತ ಕೂತಳು.

"ಮೂರನೇ ಸಲ ಬೇಕು ಅನ್ನಾಕ ನೋಡಿದೆ. ಅಂವ ಬೇಕು, ಅಂವ ಉಳೀಬೇಕು ಅಂತ ಒಳಗ ಚೀರಿದೆ. ಆದ್ರ ಅದು ಅಂವನ ಬಗ್ಗೆ ಕೇಳಿರಲಿಲ್ಲಲ್ರಿ. ನನಗ ಬದುಕೂದು ಬೇಕೇನು ಅಂತ ಕೇಳಿತ್ತು. ಸುಳ್ಳು ಹೇಳಾಕ ಆಗಲಿಲ್ಲ."

"ಯಾರ ಮುಂದೂ ಹೇಳಲಿಲ್ಲೇನು?"

"ಯಾರ ಮುಂದ ಹೇಳ್ಲಿ? ಅಂವ ಒಲ್ಲೆ ಅಂದ ಅಂತ ನಮ್ಮತ್ತಿ ಅಂತಾರ. ಅನ್ನಲಿ. ಖರೇ ಹೇಳಿದ್ರ ಇನ್ನೂ ಕೆಟ್ಟದ್ದು." ಆಮೇಲೆ ಕೇಳಿದಳು, "ನಾ ಕೈ ಬಿಟ್ಟಿದ್ರ ಬದುಕ್ತಿದ್ನೇನ್ರಿ?"

ಹೌದು ಎನ್ನುವುದೂ ಇಲ್ಲ ಎನ್ನುವುದೂ ಎರಡೂ ಸುಳ್ಳಾಗುತ್ತಿತ್ತು. "ಹೇಳಾಕ ಬರಂಗಿಲ್ಲ," ಎಂದಳು ಮಹಾನಂದಾ. "ಪೆಟ್ಟು ದೊಡ್ಡದಿತ್ತು. ಉಸಿರು ಕೊಟ್ಟಿದ್ರ ಬದುಕ್ತಿದ್ರೋ ಏನೋ. ಆದ್ರ ಉಸಿರು ಕೊಡೂದು ನನ್ನ ಕೆಲಸ ಇತ್ತು. ಗಂಡನ ಕೈ ಹಿಡಿಯೂದು ನಿಮ್ಮ ಕೆಲಸ. ನಿಮ್ಮ ಕೆಲಸ ನೀವು ಮಾಡಿದ್ರಿ. ನಾ ಕೈ ಕಟ್ಟಿಕೊಂಡು ಕುಂತೆ."

ಕಸ್ತೂರಿ ಮೊದಲ ಬಾರಿಗೆ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಸಿಟ್ಟಿನಿಂದಲೋ ಕನಿಕರದಿಂದಲೋ ಗೊತ್ತಾಗಲಿಲ್ಲ. ಅಡುಗೆಮನೆಯ ಬಾಗಿಲು ಅರ್ಧ ತೆರೆದಿತ್ತು. ಒಲೆ ಹಚ್ಚಿ ದಿನಗಳಾದ ಹಾಗಿತ್ತು. ಅದರಾಚೆ ಅಡ್ಡತೊಲೆಗೆ ಒಂದು ಹೊಸ ಹಗ್ಗವನ್ನು ಮಡಚಿ ತೂಗುಹಾಕಿತ್ತು. ಬಟ್ಟೆ ಒಣಗಿಸಲು ತಂದದ್ದೂ ಇರಬಹುದು. ಆದರೆ ಮಹಾನಂದಾಗೆ ಒಂದು ಜಾಗಕ್ಕೆ ಕಾಲಿಡುವಾಗ ಸುತ್ತ ಏನೇನಿದೆ ಎಂದು ನೋಡುವುದು ರೂಢಿಯಾಗಿತ್ತು. ಅವಳಿಗೆ ಹಗ್ಗ ಕಂಡಿತು.

ಅವಳು ಚಾಪೆಯ ಮೇಲೆ ಮುಂದಕ್ಕೆ ಸರಿದಳು. ಕಸ್ತೂರಿಯ ಕೈ ಹಿಡಿಯಲಿಲ್ಲ. ತನ್ನ ಎರಡೂ ಕೈಗಳನ್ನು ತನ್ನ ಮೊಣಕಾಲ ಮೇಲಿಟ್ಟುಕೊಂಡು, ತನ್ನದೇ ದನಿಯಲ್ಲಿ ಕೇಳಿದಳು.

"ಕಸ್ತೂರಿ, ನಿಮಗ ಬದುಕೂದು ಬೇಕೇನು?"

ನೆರಳು ಬಂತು, ಹೋಯಿತು. ಮತ್ತೆ ಬಂತು. ಮಹಾನಂದಾ ಕಾದಳು. ಉತ್ತರಕ್ಕಾಗಿ ಇಷ್ಟು ಹೊತ್ತು ಕಾಯಲು ಅವಳನ್ನು ಈ ಹಿಂದೆ ಯಾರೂ ಬಿಟ್ಟಿರಲಿಲ್ಲ.

"ಗೊತ್ತಿಲ್ಲ," ಎಂದಳು ಕಸ್ತೂರಿ. ಗಂಡ ಸತ್ತ ದಿನವೂ ಅಳದಿದ್ದವಳು ಮಂಡಿಗೆ ಮುಖವಿಟ್ಟು ಅತ್ತಳು.

ಮಹಾನಂದಾ ಫೋನು ತೆಗೆದು ವಸುಮತಿಯವರಿಗೆ ಹಚ್ಚಿದಳು. ಒಬ್ಬ ಮನೋವೈದ್ಯರನ್ನು ಕೂಡಲೇ ಕಳಿಸಿಕೊಡಿ ಎಂದು ಕೇಳಿಕೊಂಡಳು. ಅವರು ಬರಲು ಹೊತ್ತಾಗಬಹುದು, ಕೊನೆಯ ಬಸ್ಸು ತಪ್ಪೀತು, ಅಲ್ಲದೆ ಇವತ್ತು ನಿನಗೆ ಡ್ಯೂಟಿಯೂ ಇಲ್ಲ ಎಂದರು ವಸುಮತಿ.

"ಕೇಳಿಬಿಟ್ಟೀನ್ರಿ ಮೇಡಂ," ಎಂದಳು ಮಹಾನಂದಾ. "ಕೇಳಿದ ಮ್ಯಾಲ ಬಿಟ್ಟು ಬರಾಕ ಬರಂಗಿಲ್ಲ."

ಗಂಡನಿಗೆ ಫೋನು ಮಾಡಿ ಸಿಂಚನಾಳಿಗೆ ಊಟ ಹಾಕಲು ಹೇಳಿದಳು. ಎದ್ದು ಹೋಗಿ, ಏನೂ ಹೇಳದೆ, ಅಡ್ಡತೊಲೆಯಿಂದ ಹಗ್ಗ ಇಳಿಸಿ ತನ್ನ ಚೀಲಕ್ಕೆ ಹಾಕಿಕೊಂಡಳು. ಕಸ್ತೂರಿ ನೋಡಿದಳು. ತಡೆಯಲಿಲ್ಲ. ಮಹಾನಂದಾ ಒಲೆ ಹಚ್ಚಿ, ಡಬ್ಬಿಗಳನ್ನು ಹುಡುಕಿ, ಎರಡು ಲೋಟ ಚಹಾ ಮಾಡಿ ತಂದಳು.

ಹಾಲಿರಲಿಲ್ಲ. ಕಪ್ಪು ಚಹಾ ಗುಟುಕರಿಸುತ್ತ ಕಸ್ತೂರಿ ಮಾತು ತೆಗೆದಳು. ಹನುಮೇಶ ಮೊದಲ ಸಲ ಗೋಪುರ ಹತ್ತಿದ ದಿನ ಮೇಲಿಂದ ಫೋನು ಮಾಡಿ, ಇಲ್ಲಿಂದ ನಮ್ಮ ಮನೆ ಕಾಣುತ್ತದೆ, ನೀನು ಹೊರಗೆ ಬಂದು ಕೈ ಬೀಸು ಎಂದಿದ್ದನಂತೆ. ಇವಳು ಬೇರೆ ಗೋಪುರದ ಕಡೆ ನೋಡುತ್ತ ಕೈ ಬೀಸಿದ್ದಳಂತೆ. ಅದನ್ನು ಹೇಳಿಕೊಂಡು ಅವನು ವರ್ಷಗಟ್ಟಲೆ ನಕ್ಕಿದ್ದನಂತೆ.

ಕಿಟಕಿಯಲ್ಲಿ ಬಿಸಿಲು ಕೆಂಪಾಗುತ್ತಿತ್ತು. ರೆಕ್ಕೆಯ ನೆರಳು ಇನ್ನೂ ಉದ್ದವಾಗಿ, ನಿಧಾನವಾಗಿ ಒಳಬರುತ್ತಿತ್ತು. ಅದು ಮುಖದ ಮೇಲೆ ಹಾಯುವಾಗ ಕಸ್ತೂರಿ ಮಾತು ನಿಲ್ಲಿಸುತ್ತಿದ್ದಳು. ದಾಟಿ ಹೋದ ಮೇಲೆ, ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದ ಮುಂದುವರಿಸುತ್ತಿದ್ದಳು.